ಒಮ್ಮೆ ಬರೆಯಿರಿ, ಮೇಲ್ ತಾನಾಗಿ ಹೋಗಲಿ: ಆರ್‌ಎಸ್‌ಎಸ್ ಫೀಡ್‌ನಿಂದ ಸುದ್ದಿಪತ್ರ ಕಳಿಸುವ ಬಗೆ

ಜುಲೈನಲ್ಲಿ ಕೊಡಗಿನ ನಮ್ಮ ಪೊನ್ನಂಪೇಟೆ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ಒಂದು ದಿನ, ಎರಡು ದಿನ, ಕೆಲವು ಸಲ ಇನ್ನೂ ಜಾಸ್ತಿ. ಆಮೇಲೆ ಟವರ್‌ನ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗುತ್ತದೆ. ಅಂಥ ವಾರದಲ್ಲೂ ನಮ್ಮ ಸಣ್ಣ ಕಾಫಿ ಬೆಳೆಗಾರರ ಗುಂಪಿನ ಸುದ್ದಿಪತ್ರ ಶನಿವಾರ ಬೆಳಿಗ್ಗೆ 7 ಗಂಟೆಗೆ ಚಂದಾದಾರರ ಮೇಲ್‌ಗೆ ಹೋಗಿ ಸೇರುತ್ತದೆ. ಕಳಿಸುವ ಗುಂಡಿಯನ್ನು ಇಲ್ಲಿ ಯಾರೂ ಒತ್ತುವುದಿಲ್ಲ. ಬುಧವಾರವೋ ಗುರುವಾರವೋ ನೆಟ್ ಸಿಕ್ಕಾಗ ಬರಹವನ್ನು ಸೈಟಿಗೆ ಹಾಕಿ, ಇಂಥ ಹೊತ್ತಿಗೆ ಪ್ರಕಟವಾಗಲಿ ಅಂತ ಗುರುತು ಮಾಡಿಟ್ಟರೆ ಆಯಿತು. ಉಳಿದದ್ದನ್ನು ಫೀಡ್, ಅಂದರೆ ಸೈಟಿನ ಹೊಸ ಬರಹಗಳ ಪಟ್ಟಿ ಇರುವ ಕಡತ, ನೋಡಿಕೊಳ್ಳುತ್ತದೆ.

ಮೊದಲು ಹೀಗಿರಲಿಲ್ಲ. ಪ್ರತಿ ಶನಿವಾರ ಸೈಟಿನ ಬರಹವನ್ನು ಕಾಪಿ ಮಾಡಿ ಜಿಮೇಲ್‌ಗೆ ಅಂಟಿಸಿ, ಎಲ್ಲರ ವಿಳಾಸ ಬಿಸಿಸಿಯಲ್ಲಿ ತುಂಬಿಸಿ ಕಳಿಸುತ್ತಿದ್ದೆವು. ಒಂದು ಗಂಟೆ ಹಿಡಿಯುತ್ತಿತ್ತು. ಮಾಮೂಲಿ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನಕ್ಕಿಂತ ಜಾಸ್ತಿ ಕಳಿಸಲೂ ಆಗದು. ವಾಟ್ಸಾಪ್ ಸಾಕಲ್ವಾ ಅಂತ ಎಷ್ಟೋ ಜನ ಕೇಳಿದರು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ ಮಾತ್ರ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಗುಂಪಿಗೆ ಹಾಕಿದರೆ ಗುಡ್ ಮಾರ್ನಿಂಗ್‌ಗಳ ನಡುವೆ ಮುಳುಗಿ ಹೋಗುತ್ತದೆ. ನಮ್ಮ ಓದುಗರಲ್ಲಿ ತುಂಬಾ ಜನ ಇಲ್ಲಿ ತೋಟ ಇಟ್ಟುಕೊಂಡು ಬೆಂಗಳೂರು, ಮೈಸೂರು, ದುಬೈಯಲ್ಲಿ ಕೆಲಸದಲ್ಲಿ ಇರುವವರು. ಗಡಿಯಲ್ಲಿ ಡ್ಯೂಟಿ ಮಾಡುತ್ತಿರುವವರೂ ಇದ್ದಾರೆ. ಮೂರು ತಿಂಗಳ ಹಿಂದೆ ಬಂದ ‘ಬೋರ್ಡೋ (ಶಿಲೀಂಧ್ರ ರೋಗಕ್ಕೆ ಹೊಡೆಯುವ ದ್ರಾವಣ) ಯಾವಾಗ ಹೊಡೆಯಬೇಕು’ ಎನ್ನುವ ಬರಹವನ್ನು ಅವರು ಮೇಲ್‌ನಲ್ಲಿ ಹುಡುಕಿ ತೆಗೆಯುತ್ತಾರೆ. ವಾಟ್ಸಾಪ್‌ನಲ್ಲಿ ಹಾಗೆ ಹುಡುಕಿ ತೆಗೆಯುವುದು ಕಷ್ಟ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಯಾವುದೋ ಮೇಲ್ ಸೇವೆಯ ಖಾತೆ ತೆರೆದು, ಬಣ್ಣ ಬಣ್ಣದ ಟೆಂಪ್ಲೇಟ್ ಆರಿಸುವುದರಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಫೀಡ್ ಸರಿ ಮಾಡಿ. ಫೀಡ್‌ನಲ್ಲಿರುವ ತಪ್ಪು ಸೈಟಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಅದು ಕಾಣುವುದು ಮೇಲ್‌ನಲ್ಲಿ, ಅದೂ ನೂರಾರು ಜನರಿಗೆ ಒಟ್ಟಿಗೆ.

ಫೀಡ್ ಅಂದರೆ ಏನು

ಆರ್‌ಎಸ್‌ಎಸ್ ಅನ್ನುವ ಹೆಸರು ಕೇಳಿದ ತಕ್ಷಣ ನಮ್ಮಲ್ಲಿ ಬೇರೆ ಸಂಘಟನೆ ನೆನಪಾಗುತ್ತದೆ. ಇದು ‘ರಿಯಲಿ ಸಿಂಪಲ್ ಸಿಂಡಿಕೇಶನ್’. ನಿಮ್ಮ ಸೈಟಿನಲ್ಲಿ ಹೊಸದಾಗಿ ಏನು ಬಂತು ಅಂತ ಯಂತ್ರಗಳಿಗೆ ಅರ್ಥವಾಗುವ ಹಾಗೆ ಬರೆದಿಟ್ಟ ಒಂದು ಕಡತ, ಅಷ್ಟೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿತು. ಅದನ್ನು ರೂಪಿಸಿದವರಲ್ಲಿ ಒಬ್ಬರು ಭಾರತ ಮೂಲದ ರಾಮನಾಥನ್ ಗುಹಾ. ಈಗ ಜಾಸ್ತಿ ಬಳಕೆಯಲ್ಲಿರುವ 2.0 ಆವೃತ್ತಿ 2002ರದ್ದು. ಆಟಮ್ ಅನ್ನುವ ಇನ್ನೊಂದು ಬಗೆಯೂ ಉಂಟು, ಮೇಲ್ ಸೇವೆಗಳು ಸಾಮಾನ್ಯವಾಗಿ ಎರಡನ್ನೂ ಓದುತ್ತವೆ. 2013ರಲ್ಲಿ ಗೂಗಲ್ ರೀಡರ್ ಮುಚ್ಚಿದಾಗ ಫೀಡ್‌ನ ಕಾಲ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡರು. ಮುಗಿದಿಲ್ಲ. ಪಾಡ್‌ಕಾಸ್ಟ್‌ಗಳು ಇವತ್ತಿಗೂ ನಡೆಯುವುದು ಇದರ ಮೇಲೆಯೇ.

ಹೆಜ್ಜೆ 1: ನಿಮ್ಮ ಫೀಡ್ ಹುಡುಕಿ, ತೆರೆದು ನೋಡಿ

ವರ್ಡ್‌ಪ್ರೆಸ್ ಸೈಟಾದರೆ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ, ‘ಫೀಡ್’ ಅನ್ನುವ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಬ್ಲಾಗರ್‌ನಲ್ಲಾದರೆ ‘ಫೀಡ್ಸ್’, ‘ಪೋಸ್ಟ್ಸ್’, ‘ಡಿಫಾಲ್ಟ್’ ಈ ಮೂರೂ ಪದ ಓರೆಗೆರೆಗಳ ನಡುವೆ ಸಾಲಾಗಿ ಬರಬೇಕು. ಯೂಟ್ಯೂಬ್ ಚಾನೆಲ್‌ಗೂ ಫೀಡ್ ಇದೆ, ಅದಕ್ಕೆ ಚಾನೆಲ್ ಐಡಿ ಬೇಕು. ತೆರೆದರೆ ಬ್ರೌಸರ್‌ನಲ್ಲಿ ಕೋನದ ಬ್ರಾಕೆಟ್‌ಗಳ ರಾಶಿ ಕಾಣುತ್ತದೆ. ಗಾಬರಿ ಬೇಡ, ನಿಧಾನವಾಗಿ ಕೆಳಗೆ ಹೋಗಿ.

‘ಐಟಂ’ ಅಂತ ಬರೆದ ತುಣುಕುಗಳು ಸಿಗುತ್ತವೆ. ಒಂದು ಬರಹಕ್ಕೆ ಒಂದು ಐಟಂ. ಅದರೊಳಗೆ ಐದು ಸಾಲು ಮುಖ್ಯ. ಒಂದು ಶೀರ್ಷಿಕೆ. ನಮ್ಮದರಲ್ಲಿ ಅದು ‘ಗೋಣಿಕೊಪ್ಪ ಸುತ್ತ ಹೂ ಮಳೆ, 1 ಇಂಚು 10 ಸೆಂಟು’ ಅಂತ ಇರುತ್ತದೆ. ಹೂ ಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ, ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಪಾಲು. ಎರಡನೆಯದು ಕೊಂಡಿ. ಮೂರನೆಯದು ಪ್ರಕಟವಾದ ಹೊತ್ತು. ನಾಲ್ಕನೆಯದು ವಿವರಣೆ, ಅಂದರೆ ಬರಹದ ಸಾರ ಅಥವಾ ಪೂರ್ತಿ ಬರಹ. ಐದನೆಯದು ‘ಗೈಡ್’ ಅನ್ನುವ ಗುರುತು. ಇದು ಆ ಬರಹದ ಆಧಾರ್ ನಂಬರ್ ಇದ್ದ ಹಾಗೆ. ಶೀರ್ಷಿಕೆ ಬದಲಾಗಬಹುದು, ಒಳಗಿನ ಮಾತು ತಿದ್ದಬಹುದು, ಈ ಗುರುತು ಮಾತ್ರ ಬದಲಾಗಬಾರದು. ಈ ಬರಹ ಹಿಂದೆಯೇ ಹೋಗಿದೆ ಅಂತ ಮೇಲ್ ಸೇವೆಗೆ ಗೊತ್ತಾಗುವುದು ಈ ಗುರುತಿನಿಂದ, ಇಲ್ಲವೇ ಪ್ರಕಟವಾದ ಹೊತ್ತಿನಿಂದ.

ಇದನ್ನು ನಾವು ಕಲಿತದ್ದು ಪೆಟ್ಟು ತಿಂದೇ. ಸೈಟಿನ ವಿಳಾಸ ಬದಲಿಸುವಾಗ ಡೇಟಾಬೇಸ್ ಪೂರ್ತಿ ಹಳೆಯ ವಿಳಾಸ ಹುಡುಕಿ ಹೊಸದನ್ನು ತುಂಬಿದೆವು. ಜೊತೆಗೆ ಗೈಡ್‌ಗಳೂ ಬದಲಾದವು. ಆ ಶನಿವಾರ ಹತ್ತು ಹಳೆಯ ಬರಹಗಳು ಹೊಸದೆಂಬಂತೆ ಎಲ್ಲರಿಗೂ ಮತ್ತೆ ಹೋದವು. ನವೆಂಬರ್‌ನಲ್ಲಿ, ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ, ಮಾರ್ಚ್‌ನ ಹೂ ಮಳೆಯ ಸುದ್ದಿ! ನಾಪೋಕ್ಲುವಿನ ಹಿರಿಯರೊಬ್ಬರು ಫೋನ್ ಮಾಡಿ, “ಎಂತ ಮಾರಾಯ, ಕೊಯ್ಲಿನ ಹೊತ್ತಲ್ಲಿ ಹೂ ಮಳೆ ಬಂತು ಅಂತ ಕಳಿಸಿದ್ದೀಯಲ್ಲ?” ಅಂತ ಕೇಳಿದರು. ಸೈಟ್ ಸ್ಥಳಾಂತರ ಮಾಡುವಾಗ ಮೊದಲು ಫೀಡ್ ಮೇಲ್ ನಿಲ್ಲಿಸಿ, ಆಮೇಲೆ ಉಳಿದ ಕೆಲಸ ಮಾಡಿ. ಗೈಡ್ ಕಾಲಂ ಮುಟ್ಟಬೇಡಿ.

ಹೆಜ್ಜೆ 2: ಫೀಡ್ ಸರಿಪಡಿಸಿ

ಜಾಸ್ತಿ ಹೊತ್ತು ಬೇಡುವುದು ಈ ಹೆಜ್ಜೆ. ಅವಸರ ಮಾಡಬೇಡಿ.

ಮೊದಲು ಅಕ್ಷರ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳು ನಮ್ಮ ಸಂಘ ಸಂಸ್ಥೆಗಳಲ್ಲಿ ಇನ್ನೂ ರಾಶಿ ಬಿದ್ದಿವೆ. ಅದನ್ನು ಹಾಗೇ ಅಂಟಿಸಿದರೆ ಮೇಲ್‌ನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಹೋಗುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೂ ಒಮ್ಮೆ ಓದಿ ನೋಡಿ, ಅರ್ಕಾವೊತ್ತು ಇರುವ ಪದಗಳಲ್ಲಿ ತಪ್ಪು ಉಳಿದಿರಬಹುದು. ಫೀಡ್‌ನ ಮೊದಲ ಸಾಲಿನಲ್ಲಿ ಯೂನಿಕೋಡ್‌ನ ಗುರುತಾದ ಯುಟಿಎಫ್-8 ಅಂತ ಇರಬೇಕು.

ಆಮೇಲೆ ಹೊತ್ತು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ಜನರಲ್’ ಪುಟಕ್ಕೆ ಹೋಗಿ ಟೈಮ್‌ಝೋನ್ ನೋಡಿ. ಎಷ್ಟೋ ಸೈಟುಗಳಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಹೊತ್ತು) ಅಂತಲೇ ಉಳಿದಿರುತ್ತದೆ. ಕೋಲ್ಕತಾ ಅಂತ ಆರಿಸಿ. ಇಲ್ಲದಿದ್ದರೆ ಬೆಳಿಗ್ಗೆ 6ಕ್ಕೆ ಅಂತ ನೀವು ಗುರುತು ಮಾಡಿದ ಬರಹ ನಮ್ಮ ಗಡಿಯಾರದಲ್ಲಿ ಹನ್ನೊಂದೂವರೆಗೆ ಪ್ರಕಟವಾಗುತ್ತದೆ. ಅಷ್ಟರಲ್ಲಿ ಬೆಳಗಿನ ಮೇಲ್ ಹೋಗಿ ಆಗಿರುತ್ತದೆ.

ಪೂರ್ತಿ ಬರಹ ಕಳಿಸಬೇಕಾ, ಸಾರ ಮಾತ್ರ ಸಾಕಾ? ಸೆಟ್ಟಿಂಗ್ಸ್‌ನ ‘ರೀಡಿಂಗ್’ ಪುಟದಲ್ಲಿ ಇದನ್ನು ಆರಿಸಬಹುದು. ಫೀಡ್‌ನಲ್ಲಿ ಎಷ್ಟು ಬರಹ ಇರಬೇಕು ಅನ್ನುವುದೂ ಅಲ್ಲೇ ಇದೆ, ಮೊದಲಿಗೆ 10 ಅಂತ ಇರುತ್ತದೆ. ಸೈಟಿಗೆ ಜನ ಬರಲಿ ಅಂತ ಸಾರ ಮಾತ್ರ ಕಳಿಸುವವರು ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಕೊಡಗಿನಲ್ಲಿ ಮೇಲ್ ಒಮ್ಮೆ ಇಳಿಸಿಕೊಂಡು ತೋಟದಲ್ಲಿ ನೆಟ್ ಇಲ್ಲದ ಕಡೆ ಓದುವವರು ಜಾಸ್ತಿ. ಅವರಿಗೆ ‘ಮುಂದೆ ಓದಲು ಒತ್ತಿ’ ಅಂತ ಕೊಟ್ಟರೆ ಏನೂ ಕೊಟ್ಟ ಹಾಗೆ ಆಗುವುದಿಲ್ಲ. ಚಿಕ್ಕ ಬರಹವಾದರೆ ಪೂರ್ತಿ ಕಳಿಸಿ. ವಾರಕ್ಕೆ ಐದಾರು ಉದ್ದದ ಬರಹ ಬರುತ್ತಿದ್ದರೆ ಮಾತ್ರ ಸಾರ ಕಳಿಸಿ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಆರನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಸಾರವನ್ನು ವರ್ಡ್‌ಪ್ರೆಸ್‌ಗೇ ಬಿಟ್ಟರೆ ಮೊದಲ 55 ಪದ ಕತ್ತರಿಸಿ ಕೊಡುತ್ತದೆ. ವಾಕ್ಯದ ಮಧ್ಯದಲ್ಲೇ ಕತ್ತರಿಸುತ್ತದೆ. ಅದಕ್ಕೆ ‘ಎಕ್ಸರ್ಪ್ಟ್’ ಅನ್ನುವ ಜಾಗದಲ್ಲಿ ಎರಡು ಸಾಲು ನೀವೇ ಬರೆಯಿರಿ. ಬರಹದ ಮುಖ್ಯ ಮಾತು ಅದರಲ್ಲೇ ಬರಲಿ. ‘ಈ ವಾರ ಮಳೆಯ ಬಗ್ಗೆ ಒಂದಿಷ್ಟು ಮಾಹಿತಿ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಹೂ ಮಳೆ ಬಂದು ಎರಡು ವಾರ ಆಯಿತು, ಬ್ಯಾಕಿಂಗ್ (ಹೂ ಮಳೆಯ ಮೇಲೆ ಬೇಕಾದ ಎರಡನೇ ಮಳೆ) ಇನ್ನೂ ಬಂದಿಲ್ಲ, ಕೆರೆಯಲ್ಲಿ ನೀರಿದ್ದರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕುವ ಯೋಚನೆ ಮಾಡಿ’ ಅಂದರೆ ದುಬೈಯಲ್ಲಿ ಕೂತವರು ಕೂಡಲೇ ತೋಟದ ಲೆಕ್ಕ ನೋಡುವ ರೈಟರ್‌ಗೆ ಫೋನ್ ಮಾಡುತ್ತಾರೆ.

ಕೊಂಡಿಯ ವಿಷಯ. ಬರಹದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡಿ. ಕನ್ನಡ ನನಗೂ ಇಷ್ಟ, ಆದರೆ ವೆಬ್ ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಶೇಕಡಾ ಗುರುತುಗಳ ಜೊತೆ 9 ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ಗುಣಿತವೂ ಬೇರೆ ಚಿಹ್ನೆಯೇ, ಹಾಗಾಗಿ ‘ಕೊಡಗು’ ಅನ್ನುವ ಒಂದೇ ಪದ 45 ಅಕ್ಷರ ಆಗುತ್ತದೆ. ಉದ್ದ ಶೀರ್ಷಿಕೆಯಾದರೆ ವರ್ಡ್‌ಪ್ರೆಸ್ ಅದನ್ನು ನಡುವೆ ತುಂಡರಿಸುತ್ತದೆ. ಅಂಥ ಕೊಂಡಿಯನ್ನು ಯಾರಾದರೂ ಫಾರ್ವರ್ಡ್ ಮಾಡಿದರೆ ನೋಡಿದವರಿಗೆ ವೈರಸ್ ಇರಬಹುದು ಅನ್ನಿಸುತ್ತದೆ.

ಇನ್ನು ಎಲ್ಲರಿಗೂ ಎಲ್ಲವೂ ಬೇಡ. ವರ್ಡ್‌ಪ್ರೆಸ್‌ನಲ್ಲಿ ಒಂದೊಂದು ವಿಭಾಗಕ್ಕೂ ಬೇರೆ ಫೀಡ್ ಇರುತ್ತದೆ. ವಿಭಾಗದ ಪುಟದ ವಿಳಾಸದ ಕೊನೆಗೂ ಅದೇ ‘ಫೀಡ್’ ಸೇರಿಸಿದರೆ ಸಿಗುತ್ತದೆ. ಬ್ಲಾಗರ್‌ನಲ್ಲಿ ಲೇಬಲ್‌ಗೆ ಇದೇ ರೀತಿ ಇದೆ. ನಾವು ಎರಡು ಮಾಡಿದ್ದೇವೆ. ‘ದಿನದ ಮಳೆ’ ಒಂದು, ‘ವಾರದ ತೋಟ’ ಇನ್ನೊಂದು. ಕಾಫಿ, ಕರಿಮೆಣಸಿನ ದರ ವಾರದ ಪತ್ರದಲ್ಲೇ ಬರುತ್ತದೆ. ದಿನಾ ಮೇಲ್ ಬೇಡ ಅನ್ನುವವರಿಗೆ ದಿನಾ ಕಳಿಸಿದರೆ ಅವರು ಎರಡನ್ನೂ ಬಿಟ್ಟು ಹೋಗುತ್ತಾರೆ.

ಕೊನೆಗೆ, ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ನಡೆಸುವ ಫೀಡ್ ಪರೀಕ್ಷೆಯ ಪುಟ ಉಂಟು, ಉಚಿತ. ನಿಮ್ಮ ಫೀಡ್ ವಿಳಾಸ ಹಾಕಿ ನೋಡಿ. ಕೆಂಪಾಗಿ ತೋರಿಸಿದ್ದನ್ನು ಸರಿ ಮಾಡಲೇಬೇಕು. ತುಂಬಾ ಸಲ ಕಾರಣ ಚಿಕ್ಕದಿರುತ್ತದೆ. ಥೀಮ್‌ನ ಕಡತದ ಮೇಲೆ ಒಂದು ಖಾಲಿ ಸಾಲು ಉಳಿದಿದ್ದರೂ ಸಾಕು, ಇಡೀ ಫೀಡ್ ಓದಲಾಗದು ಅಂತ ಯಂತ್ರ ಕೈ ಚೆಲ್ಲುತ್ತದೆ. ಇನ್ನೊಂದು ಕಾರಣ, ಸೈಟಿನ ಭದ್ರತಾ ಪ್ಲಗಿನ್. ಅದು ಮೇಲ್ ಸೇವೆಯನ್ನು ಕಳ್ಳ ಅಂದುಕೊಂಡು ಬಾಗಿಲಲ್ಲೇ ತಡೆದಿರಬಹುದು.

ಹೆಜ್ಜೆ 3: ಕಳಿಸುವುದು ಯಾರು

ಮೇಲ್‌ಚಿಂಪ್, ಮೇಲರ್‌ಲೈಟ್, ಬ್ರೆವೊ, ಬಟನ್‌ಡೌನ್ ಇವೆಲ್ಲ ಫೀಡ್ ಓದಿ ಮೇಲ್ ಕಳಿಸಬಲ್ಲ ಸೇವೆಗಳು. ಯಾವುದು ಒಳ್ಳೆಯದು ಅಂತ ಒಂದೇ ಉತ್ತರ ಇಲ್ಲ. ದರ, ಉಚಿತ ಮಿತಿ ಆಗಾಗ ಬದಲಾಗುತ್ತವೆ. ಖಾತೆ ತೆರೆಯುವ ಮೊದಲು ಮೂರು ವಿಷಯ ನೋಡಿ. ಫೀಡ್‌ನಿಂದ ಕಳಿಸುವ ಸೌಲಭ್ಯ ನೀವು ಆರಿಸಿದ ದರದ ಯೋಜನೆಯಲ್ಲೇ ಇದೆಯಾ? ಚಂದಾದಾರರ ಪಟ್ಟಿಯನ್ನು ಬೇಕಾದಾಗ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ) ಕಡತವಾಗಿ ಇಳಿಸಿಕೊಳ್ಳಬಹುದಾ? ಕನ್ನಡದಲ್ಲಿ ಬರೆದ ಚಂದಾ ಫಾರಂ, ದೃಢೀಕರಣದ ಮೇಲ್ ಸರಿಯಾಗಿ ಕಾಣುತ್ತವಾ?

ಪಟ್ಟಿ ಇಳಿಸಿಕೊಳ್ಳುವ ಮಾತು ಯಾಕೆ ಹೇಳಿದೆ ಅಂದರೆ, ಹಿಂದೆ ಎಷ್ಟೋ ಕನ್ನಡ ಬ್ಲಾಗ್‌ಗಳ ಬದಿಯಲ್ಲಿ ‘ಇಮೇಲ್‌ನಲ್ಲಿ ಪಡೆಯಿರಿ’ ಅನ್ನುವ ಚಿಕ್ಕ ಪೆಟ್ಟಿಗೆ ಇತ್ತು. ಅದರ ಹಿಂದೆ ಇದ್ದದ್ದು ಫೀಡ್‌ಬರ್ನರ್. 2021ರಲ್ಲಿ ಗೂಗಲ್ ಅದರ ಇಮೇಲ್ ಸೌಲಭ್ಯ ನಿಲ್ಲಿಸಿತು. ಪಟ್ಟಿ ಇಳಿಸಿಕೊಂಡಿದ್ದವರು ಬೇರೆ ಕಡೆ ಹೋದರು. ಇಳಿಸಿಕೊಳ್ಳದವರ ಮೇಲ್ ಸುಮ್ನೆ ನಿಂತು ಹೋಯಿತು, ಓದುಗರಿಗೆ ಯಾಕೆ ಅಂತಲೂ ತಿಳಿಯಲಿಲ್ಲ.

ಚಿಕ್ಕ ಪಟ್ಟಿಯಾದರೆ ದುಡ್ಡೇ ಬೇಡ. ಒಂದು ಒಕ್ಕದವರಿಗೆ (ಕೊಡವರ ಒಂದೇ ಮನೆತನದವರಿಗೆ) ಮನೆಯ ಸುದ್ದಿ ಕಳಿಸಬೇಕು, ಐವತ್ತು ಅರವತ್ತು ಜನ ಇದ್ದಾರೆ ಅಂತಿಟ್ಟುಕೊಳ್ಳಿ. ಗೂಗಲ್ ಖಾತೆಯಲ್ಲೇ ಚಿಕ್ಕ ಪ್ರೋಗ್ರಾಂ ಬರೆದು ಓಡಿಸುವ ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್ ಸಾಕು. ಶೀಟ್‌ನಲ್ಲಿ ವಿಳಾಸಗಳ ಪಟ್ಟಿ, ಫೀಡ್ ಓದುವ ಮೂವತ್ತು ನಲವತ್ತು ಸಾಲಿನ ಸ್ಕ್ರಿಪ್ಟ್, ದಿನಕ್ಕೊಮ್ಮೆ ಓಡಿಸುವ ಟ್ರಿಗರ್. ಮಾಮೂಲಿ ಜಿಮೇಲ್ ಖಾತೆಗೆ ಇದರಲ್ಲಿ ದಿನಕ್ಕೆ 100 ಜನರ ಮಿತಿ ಇದೆ. ಕಳಿಸಿ ಆದ ಗೈಡ್‌ಗಳನ್ನು ಶೀಟ್‌ನ ಇನ್ನೊಂದು ಕಾಲಂನಲ್ಲಿ ಬರೆದಿಡುವಂತೆ ಮಾಡಿ, ಇಲ್ಲದಿದ್ದರೆ ಅದೇ ಬರಹ ದಿನಾ ಹೋಗುತ್ತದೆ. ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗಳೋ ತಮ್ಮನ ಮಗನೋ ಇದ್ದರೆ ಒಂದು ಸಂಜೆಯ ಕೆಲಸ.

ಹೆಜ್ಜೆ 4: ನಿಮ್ಮ ಡೊಮೇನ್‌ನಿಂದಲೇ ಕಳಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಜಿಮೇಲ್ ವಿಳಾಸವನ್ನು ಕಳಿಸುವವರ ಜಾಗದಲ್ಲಿ ಹಾಕಿ ಬೇರೆ ಸೇವೆಯಿಂದ ಮೇಲ್ ಕಳಿಸಿದರೆ ಅದು ಸ್ಪ್ಯಾಮ್‌ಗೆ ಹೋಗುವ ಸಂಭವವೇ ಜಾಸ್ತಿ. ಯಾಕೆಂದರೆ ಆ ಸೇವೆ ಜಿಮೇಲ್‌ನ ಹೆಸರಲ್ಲಿ ಕಳಿಸುತ್ತಿದೆ, ಅದಕ್ಕೆ ಜಿಮೇಲ್‌ನ ಅನುಮತಿ ಇಲ್ಲ. ನಿಮ್ಮ ಸ್ವಂತ ಡೊಮೇನ್‌ನ, ಅಂದರೆ ನೀವು ಕೊಂಡ ಸೈಟಿನ ಹೆಸರಿನ, ವಿಳಾಸ ಇಟ್ಟುಕೊಳ್ಳಿ.

ಆಮೇಲೆ ಡೊಮೇನ್ ಕೊಂಡ ಕಡೆ ಲಾಗಿನ್ ಆಗಿ ಡಿಎನ್‌ಎಸ್ (ಡೊಮೇನ್‌ನ ವಿಳಾಸ ಪುಸ್ತಕ) ಪುಟದಲ್ಲಿ ಮೂರು ದಾಖಲೆ ಸೇರಿಸಬೇಕು. ಎಸ್‌ಪಿಎಫ್ ಅಂದರೆ ನಮ್ಮ ಹೆಸರಲ್ಲಿ ಯಾರು ಯಾರು ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಡಿಕಿಮ್ ಅಂದರೆ ಲಕೋಟೆಯ ಮೇಲಿನ ಮೊಹರು, ದಾರಿಯಲ್ಲಿ ಯಾರೂ ತಿದ್ದಿಲ್ಲ ಅನ್ನುವುದಕ್ಕೆ. ಡಿಮಾರ್ಕ್ ಅಂದರೆ ಇವೆರಡೂ ಹೊಂದದಿದ್ದರೆ ಏನು ಮಾಡಬೇಕು ಅನ್ನುವ ಸೂಚನೆ. ಮೇಲ್ ಸೇವೆಯವರೇ ಬೇಕಾದ ಸಾಲುಗಳನ್ನು ತೋರಿಸುತ್ತಾರೆ, ನೀವು ಕಾಪಿ ಮಾಡಿ ಅಂಟಿಸಿದರೆ ಸಾಕು. ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಈಗಾಗಲೇ ಒಂದಿದ್ದರೆ ಅದಕ್ಕೇ ಸೇರಿಸಿ, ಎರಡನೆಯದು ಹಾಕಬೇಡಿ. ಡಿಮಾರ್ಕ್‌ನಲ್ಲಿ ಮೊದಲು ‘ಏನೂ ಮಾಡಬೇಡ, ವರದಿ ಮಾತ್ರ ಕಳಿಸು’ ಅನ್ನುವ ಮೆದು ನಿಯಮ ಇಡಿ.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ನಿಯಮಗಳನ್ನು ಬಿಗಿ ಮಾಡಿವೆ. ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಜಿಮೇಲ್‌ಗೆ ಕಳಿಸುವವರಿಗೆ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಚಂದಾ ಬಿಡುವ ಸೌಲಭ್ಯವೂ ಕಡ್ಡಾಯ. ನಮ್ಮಂಥ ಚಿಕ್ಕವರಿಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಲೇಬೇಕು. ಸ್ಪ್ಯಾಮ್ ಅಂತ ದೂರುವವರ ಪ್ರಮಾಣ ಶೇಕಡಾ 0.3 ಮುಟ್ಟಬಾರದು ಅನ್ನುತ್ತದೆ ಗೂಗಲ್. ಸಾವಿರ ಮೇಲ್‌ಗೆ ಮೂರು ಜನ. ತುಂಬಾ ಕಡಿಮೆ ಅಲ್ವಾ?

ಹೆಜ್ಜೆ 5: ಕೇಳಿಯೇ ಸೇರಿಸಿ

ಸಂಘದ ಸದಸ್ಯರ ಪುಸ್ತಕದಲ್ಲಿ ಇರುವ ಎಲ್ಲ ವಿಳಾಸಗಳನ್ನೂ ಒಮ್ಮೆಗೇ ಸೇರಿಸಿಬಿಡೋಣ ಅನ್ನಿಸುತ್ತದೆ. ಬೇಡ. ಆ ಮೂರು ಜನ ದೂರುದಾರರು ಬರುವುದು ಅಲ್ಲಿಂದಲೇ. ಸದಸ್ಯತ್ವಕ್ಕೆ ಅಂತ ಕೊಟ್ಟ ವಿಳಾಸ ಸುದ್ದಿಪತ್ರಕ್ಕೆ ಕೊಟ್ಟದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಗೆ ಒತ್ತು ಕೊಡುತ್ತದೆ. ಸೈಟಿನಲ್ಲಿ ಫಾರಂ ಇಡಿ. ವಿಳಾಸ ಹಾಕಿದವರಿಗೆ ಮೊದಲು ‘ನೀವೇನಾ?’ ಅಂತ ಕೇಳುವ ದೃಢೀಕರಣದ ಮೇಲ್ ಹೋಗಲಿ, ಅದನ್ನು ಒತ್ತಿದವರನ್ನು ಮಾತ್ರ ಸೇರಿಸಿ. ಆ ಮೇಲ್ ಕನ್ನಡದಲ್ಲೇ ಇರಲಿ. ಇಂಗ್ಲಿಷ್‌ನಲ್ಲಿ ‘ಕನ್ಫರ್ಮ್’ ಅಂತ ಬಂದರೆ ಬ್ಯಾಂಕ್ ಮೋಸದ ಮೇಲ್ ಅಂದುಕೊಂಡು ಅಳಿಸುವವರು ಇದ್ದಾರೆ, ಅವರ ಭಯ ತಪ್ಪೂ ಅಲ್ಲ.

ಸಭೆಯಲ್ಲಿ ಕಾಗದದ ಮೇಲೆ ವಿಳಾಸ ಬರೆಸಿಕೊಂಡರೆ ಅವತ್ತೇ ಕೂತು ಟೈಪ್ ಮಾಡಿ. ಆಮೇಲೆ ಅದು ಸೊನ್ನೆಯೋ ‘ಓ’ ಅಕ್ಷರವೋ ಅಂತ ಬರೆದವರನ್ನು ಕೇಳಲು ಆಗುವುದಿಲ್ಲ.

ಹೆಜ್ಜೆ 6: ಮೇಲ್‌ನ ಅಚ್ಚು

ಸೇವೆಯಲ್ಲಿ ‘ಆರ್‌ಎಸ್‌ಎಸ್ ಕ್ಯಾಂಪೇನ್’ ಅಥವಾ ‘ಆಟೊಮೇಶನ್’ ಅನ್ನುವ ಹೆಸರಲ್ಲಿ ಇರುವುದನ್ನು ತೆರೆದು, ಫೀಡ್‌ನ ವಿಳಾಸ ಕೊಡಿ. ಈಗ ಟೆಂಪ್ಲೇಟ್‌ನಲ್ಲಿ ಮೂರು ಭಾಗ ಮಾಡಿಕೊಳ್ಳಿ. ಮೇಲೆ ಬದಲಾಗದ ತಲೆಬರಹ. ಮಧ್ಯದಲ್ಲಿ ಫೀಡ್‌ನ ಜಾಗ. ಇಲ್ಲಿ ಶೀರ್ಷಿಕೆ, ಸಾರ, ಕೊಂಡಿಯ ಬದಲಿಗೆ ಆ ಸೇವೆ ಹೇಳಿದ ಗುರುತು ಪದಗಳನ್ನು ಇಡಬೇಕು. ಎಷ್ಟು ಹೊಸ ಬರಹ ಇದೆಯೋ ಅಷ್ಟು ಸಲ ಈ ತುಂಡು ತಾನಾಗಿ ಮರುಕಳಿಸುತ್ತದೆ. ಕೆಳಗೆ ನಿಮ್ಮ ಅಂಚೆ ವಿಳಾಸ, ಚಂದಾ ಬಿಡುವ ಕೊಂಡಿ.

ಕನ್ನಡಕ್ಕೆ ಬೇಕಾದ ಎಚ್ಚರ ಬೇರೆ ಇದೆ, ಇದನ್ನು ಇಂಗ್ಲಿಷ್ ಮಾರ್ಗದರ್ಶಿಗಳು ಹೇಳುವುದಿಲ್ಲ. ಜಿಮೇಲ್ ಸುಮಾರು 102 ಕೆಬಿಗಿಂತ ದೊಡ್ಡ ಮೇಲನ್ನು ನಡುವೆ ಕತ್ತರಿಸಿ, ಪೂರ್ತಿ ನೋಡಲು ಒತ್ತಿ ಅನ್ನುತ್ತದೆ. ಇಂಗ್ಲಿಷ್‌ನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದು ಚಿಹ್ನೆಗೆ 3 ಬೈಟ್ ಬೇಕು. ಗುಣಿತವೂ, ಒತ್ತೂ ಬೇರೆ ಬೇರೆ ಚಿಹ್ನೆ. ‘ಕೊಡಗು’ ಅನ್ನುವುದರಲ್ಲಿ ಐದು ಚಿಹ್ನೆ, ಅಂದರೆ 15 ಬೈಟ್. ‘ಕ್ಷಿ’ ಅನ್ನುವ ಒಂದೇ ಅಕ್ಷರಕ್ಕೆ 12 ಬೈಟ್. ಹೀಗೆ ಲೆಕ್ಕ ಹಾಕಿದರೆ 600 ಪದದ ಬರಹ ಸುಮಾರು 15 ಕೆಬಿ. ಅಂಥ ಐದು ಬರಹ, ಜೊತೆಗೆ ಟೆಂಪ್ಲೇಟ್‌ನ ಸ್ವಂತ ತೂಕ ಸೇರಿದರೆ ಮಿತಿ ಹತ್ತಿರ ಬಂತು. ಕತ್ತರಿಸಿದರೆ ಕೊನೆಯ ಬರಹ ಮಾತ್ರ ಹೋಗುವುದಲ್ಲ, ತಳದಲ್ಲಿರುವ ಚಂದಾ ಬಿಡುವ ಕೊಂಡಿಯೂ ಮರೆಯಾಗುತ್ತದೆ. ಅದು ಕಾಣದವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಅದಕ್ಕೇ ನಾವು ಆ ಕೊಂಡಿಯನ್ನು ಮೇಲಿನ ತಲೆಬರಹದ ಕೆಳಗೂ ಒಂದು ಸಲ ಇಟ್ಟಿದ್ದೇವೆ. ಉದ್ದದ ಬರಹಕ್ಕೆ ಸಾರ ಸಾಕು ಅಂತ ಹೇಳಿದ್ದೂ ಇದಕ್ಕೇ.

ಫಾಂಟ್ ಹುಡುಕುತ್ತಾ ಕೂರಬೇಡಿ. ಆಂಡ್ರಾಯ್ಡ್ ಫೋನ್‌ಗಳಲ್ಲಿ ನೋಟೊ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ ಮೊದಲೇ ಇರುತ್ತವೆ. ಅಕ್ಷರದ ಗಾತ್ರ 17 ಪಿಕ್ಸೆಲ್, ಸಾಲಿನ ಎತ್ತರ 1.6 ಇಡಿ. ಇಂಗ್ಲಿಷ್‌ಗೆ ಮಾಡಿದ ಟೆಂಪ್ಲೇಟ್‌ನಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ, ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಐವತ್ತು ದಾಟಿದವರಿಗೆ ಅದನ್ನು ಓದುವುದು ತ್ರಾಸ.

ಚಿತ್ರ ಒಂದು ಬರಹಕ್ಕೆ ಒಂದೇ ಸಾಕು, ಅದೂ ಚಿಕ್ಕದು. ಫೋನಿನಲ್ಲಿ ತೆಗೆದ 5 ಎಂಬಿ ಫೋಟೊ ಹಾಗೇ ಸೈಟಿಗೆ ಹಾಕಿದರೆ ತೋಟದ ನೆಟ್‌ನಲ್ಲಿ ಅದು ತೆರೆಯುವುದೇ ಇಲ್ಲ. ಮಳೆಯ ಅಳತೆ, ಕಾಫಿ ದರ ಇವನ್ನು ಯಾವತ್ತೂ ಚಿತ್ರವಾಗಿ ಹಾಕಬೇಡಿ. ‘ರೋಬಸ್ಟಾ ಚೆರಿ, 50 ಕೆಜಿ ಚೀಲಕ್ಕೆ ಇಷ್ಟು’ ಅಂತ ಅಕ್ಷರದಲ್ಲೇ ಬರೆಯಿರಿ. ಚಿತ್ರ ತೆರೆಯದಿದ್ದರೂ ಅಂಕಿ ತಲುಪಬೇಕು.

ವಿಷಯದ ಸಾಲಿನಲ್ಲಿ ‘ನಮ್ಮ ಸುದ್ದಿಪತ್ರ, ಸಂಚಿಕೆ 42’ ಅಂತ ಇಡುವ ಬದಲು, ಮೊದಲ ಬರಹದ ಶೀರ್ಷಿಕೆಯೇ ಬರುವಂತೆ ಮಾಡಿ. ಫೋನಿನಲ್ಲಿ ನಾಲ್ಕೈದು ಪದ ಮಾತ್ರ ಕಾಣುತ್ತದೆ. ಊರಿನ ಹೆಸರೂ ಅಂಕಿಯೂ ಮೊದಲೇ ಬರಲಿ.

ಹೆಜ್ಜೆ 7: ಹೊತ್ತು ಗೊತ್ತು ಮಾಡಿ

ನಾವು ಮಳೆ ಅಳೆಯುವುದು ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿಗೇ. ಬೇರೆ ಬೇರೆ ಊರಿನವರು ಇಂಚು, ಸೆಂಟು ಕಳಿಸುವಷ್ಟರಲ್ಲಿ ಒಂಬತ್ತಾಗುತ್ತದೆ. ಒಂಬತ್ತೂವರೆಗೆ ‘ದಿನದ ಮಳೆ’ ಬರಹ ಪ್ರಕಟ, ಹನ್ನೊಂದಕ್ಕೆ ಮೇಲ್. ನಡುವಿನ ಒಂದೂವರೆ ಗಂಟೆ ಬೇಕೇ ಬೇಕು. ಕೆಲವು ಸೇವೆಗಳು ಕಳಿಸುವ ಹೊತ್ತಿಗಿಂತ ಮುಂಚೆಯೇ ಫೀಡ್ ಓದಿಕೊಂಡಿರುತ್ತವೆ. ತಪ್ಪು ಕಂಡರೆ ತಿದ್ದಲೂ ಅಷ್ಟು ಅವಕಾಶ ಸಿಗುತ್ತದೆ. ಒಮ್ಮೆ 2 ಇಂಚಿನ ಬದಲು 20 ಅಂತ ಬಿದ್ದಿದ್ದನ್ನು ಹೀಗೇ ಹಿಡಿದೆವು. ಹೋದ ಮೇಲನ್ನು ವಾಪಸ್ ಕರೆಯಲು ಆಗುವುದಿಲ್ಲ.

ಮೇಲ್ ಸೇವೆಯ ಗಡಿಯಾರವನ್ನೂ ಭಾರತದ ಹೊತ್ತಿಗೆ ತಿರುಗಿಸಿ. ಅಲ್ಲಿ ನ್ಯೂಯಾರ್ಕ್ ಹೊತ್ತು ಇದ್ದರೆ, ಬೆಳಿಗ್ಗೆ 8 ಅಂತ ನೀವು ಹಾಕಿದ್ದು ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ ಐದೂವರೆ.

ನಿಗದಿ ಮಾಡಿಟ್ಟ ಬರಹ ಪ್ರಕಟವಾಗದೇ ಉಳಿಯುವುದೂ ಉಂಟು. ವರ್ಡ್‌ಪ್ರೆಸ್‌ನ ಗಡಿಯಾರ ಯಾರಾದರೂ ಸೈಟಿಗೆ ಬಂದಾಗ ಮಾತ್ರ ಎಚ್ಚರವಾಗುತ್ತದೆ. ರಾತ್ರಿಯೆಲ್ಲ ಯಾರೂ ಬಾರದ ಚಿಕ್ಕ ಸೈಟಿನಲ್ಲಿ ಬೆಳಗಿನ ಬರಹ ತಡವಾಗುತ್ತದೆ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ‘ಕ್ರಾನ್’ ಅನ್ನುವುದನ್ನು ತೆರೆದು, ಹದಿನೈದು ನಿಮಿಷಕ್ಕೊಮ್ಮೆ ಅದನ್ನು ಎಬ್ಬಿಸುವಂತೆ ಮಾಡಿ. ನಾವು ಕರೆಂಟ್ ಇಲ್ಲದ ವಾರಗಳನ್ನು ನಂಬಿಕೆಯಿಂದ ಕಳೆಯುವುದು ಈ ಒಂದು ಸಾಲಿನ ಮೇಲೆ.

ಹೊಸ ಬರಹ ಇಲ್ಲದಿದ್ದರೆ ಸಾಮಾನ್ಯವಾಗಿ ಮೇಲ್ ಹೋಗುವುದಿಲ್ಲ. ಪುತ್ತರಿ, ಕೈಲ್‌ಪೊಳ್ದ್ ಹಬ್ಬದ ವಾರದಲ್ಲಿ ಏನೂ ಬರೆಯಲಾಗದಿದ್ದರೆ ಚಿಂತೆ ಮಾಡಬೇಡಿ, ಖಾಲಿ ಮೇಲ್ ಯಾರಿಗೂ ತಲುಪುವುದಿಲ್ಲ.

ಹೆಜ್ಜೆ 8: ಮೊದಲು ಮೂವರಿಗೆ

ಒಂದು ಪರೀಕ್ಷಾ ಪಟ್ಟಿ ಮಾಡಿ. ಅದರಲ್ಲಿ ನೀವು, ಹಳೆಯ ಆಂಡ್ರಾಯ್ಡ್ ಫೋನ್ ಇರುವ ಒಬ್ಬರು, ಕಚೇರಿಯಲ್ಲಿ ಔಟ್‌ಲುಕ್ ಬಳಸುವ ಒಬ್ಬರು. ಎರಡು ವಾರ ಇವರಿಗೆ ಮಾತ್ರ ಹೋಗಲಿ. ಒತ್ತಕ್ಷರ ಒಡೆದಿದೆಯಾ, ಕೊಂಡಿ ಒತ್ತಿದರೆ ಸರಿಯಾದ ಪುಟ ಬರುತ್ತದಾ, ಚಂದಾ ಬಿಡುವ ಕೊಂಡಿ ನಿಜಕ್ಕೂ ಕೆಲಸ ಮಾಡುತ್ತದಾ, ಡಾರ್ಕ್ ಮೋಡ್‌ನಲ್ಲಿ ಅಕ್ಷರ ಕಾಣುತ್ತದಾ ಅಂತ ಕೇಳಿ. ಮೊದಲ ಮೇಲ್‌ನಲ್ಲಿ ಫೀಡ್‌ನ ಹಳೆಯ ಬರಹಗಳೂ ತುಂಬಿಕೊಂಡು ಹೋಗುತ್ತವಾ ಅಂತ ಗೊತ್ತಾಗುವುದೂ ಇಲ್ಲೇ.

ಶುರುವಾದ ಮೇಲೆ

ಎಷ್ಟು ಜನ ಮೇಲ್ ತೆರೆದರು ಅನ್ನುವ ಅಂಕಿಗೆ ಜಾಸ್ತಿ ಬೆಲೆ ಕೊಡಬೇಡಿ. 2021ರಿಂದ ಆ್ಯಪಲ್ ಮೇಲ್, ಖಾಸಗಿತನದ ರಕ್ಷಣೆ ಇಟ್ಟುಕೊಂಡವರ ಮೇಲ್‌ನ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ. ಚಿತ್ರ ಇಳಿದರೆ ಮೇಲ್ ತೆರೆದ ಲೆಕ್ಕ, ಹಾಗಾಗಿ ಓದದವರೂ ತೆರೆದವರ ಲೆಕ್ಕಕ್ಕೆ ಬರುತ್ತಾರೆ. ಕೊಂಡಿ ಒತ್ತಿದವರನ್ನು ನೋಡಿ. ಅದಕ್ಕಿಂತ ಮುಖ್ಯ, ಉತ್ತರ ಬರೆದವರನ್ನು ನೋಡಿ. ‘ನೋ ರಿಪ್ಲೈ’ ಅನ್ನುವ ವಿಳಾಸದಿಂದ ಕಳಿಸಬೇಡಿ. ಉತ್ತರ ಬಂದರೆ ಅದು ಒಬ್ಬ ಮನುಷ್ಯರ ಪೆಟ್ಟಿಗೆಗೇ ಹೋಗಬೇಕು. ನಮಗೆ ಹೀಗೆ ಬಂದ ಒಂದು ಉತ್ತರದಿಂದಲೇ ಬಿರುನಾಣಿ ಕಡೆಯ ಮಳೆ ಲೆಕ್ಕ ಪಟ್ಟಿಗೆ ಸೇರಿತು. ಅಲ್ಲಿನವರೊಬ್ಬರು ‘ನಮ್ಮೂರಿನದ್ದು ಯಾಕೆ ಇಲ್ಲ, ನಾನು ದಿನಾ ಬರೆದಿಡುತ್ತೇನೆ’ ಅಂತ ಬರೆದಿದ್ದರು. ಈಗ ಒಂಬತ್ತು ಗಂಟೆಗೆ ಮೊದಲು ಬರುವುದು ಅವರದ್ದೇ ಅಂಕಿ.

ಮೇಲ್ ತಲುಪದೆ ವಾಪಸ್ ಬಂದ ವಿಳಾಸಗಳನ್ನು ತಿಂಗಳಿಗೊಮ್ಮೆ ತೆಗೆಯಿರಿ. ಪ್ರತಿ ತಿಂಗಳ 1ನೇ ತಾರೀಕು ಚಂದಾದಾರರ ಪಟ್ಟಿಯನ್ನು ಇಳಿಸಿ ಒಂದು ಪೆನ್‌ಡ್ರೈವ್‌ಗೆ ಹಾಕಿ, ಪಾಸ್‌ವರ್ಡ್ ಇಟ್ಟು ಬೀರುವಿನಲ್ಲಿಡಿ. ಡೊಮೇನ್ ನವೀಕರಣದ ತಾರೀಕನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಡಿ, ಒಬ್ಬರಲ್ಲ, ಗುಂಪಿನ ಇಬ್ಬರ ಮನೆಯಲ್ಲಿ.